ಊಟದ ಮಣೆಯ ಮೇಲೆ ದೇಶ ಸುತ್ತಿದವರು

ಚಿತ್ರದುರ್ಗದ ನನ್ನ ಸ್ನೇಹಿತರ ಮನೆಯಲ್ಲಿ ಒಂದು ಊಟದ ಮಣೆ ಇದೆ. ಹಲಸಿನ ಮರದ್ದು, ಎರಡು ತಲೆಮಾರಿನವರು ಕೂತು ಕೂತು ನಯವಾದದ್ದು. ಅದರ ನಾಲ್ಕು ಮೂಲೆಗೂ ಒಂದೊಂದು ತೂತು. ಮೊನ್ನೆ ಅಲ್ಲಿ ಊಟಕ್ಕೆ ಹೋದಾಗ, ಹೊಸದಾಗಿ ಬಂದಿದ್ದ ನೆಂಟರೊಬ್ಬರು ಗೋಡೆಗೆ ಒರಗಿಸಿಟ್ಟ ಆ ಮಣೆಯನ್ನು ನೋಡಿ, ಗೆದ್ದಲು ಇಷ್ಟು ಅಚ್ಚುಕಟ್ಟಾಗಿ ಹಿಡಿಯುತ್ತದೆಯೇ ಎಂದು ಕೇಳಿದರು. ಸ್ನೇಹಿತರು ಎಲೆಯಿಂದ ತಲೆ ಎತ್ತದೆ, "ಅದು ನಮ್ಮಪ್ಪ ದೇಶ ಸುತ್ತಿದ ವಾಹನ" ಎಂದರು. ನೆಂಟರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಆ ವಾಹನದ ಬೆನ್ನು ಹತ್ತಿ ಎತ್ತಿನ ಗಾಡಿಯಲ್ಲಿ ಅಲೆದವನು ನಾನೇ.

ಆಗ ನಾವಿಬ್ಬರೂ ದುರ್ಗದ ಒಂದೇ ಶಾಲೆಯಲ್ಲಿ ಮೇಷ್ಟ್ರುಗಳು. ಅವರು ಮೇಲಿನ ತರಗತಿಗೆ, ನಾನು ಕೆಳಗಿನದಕ್ಕೆ. ಅವರ ಹತ್ತಿರ ಸೈಕಲ್ ಇತ್ತು, ನನ್ನ ಹತ್ತಿರ ಇರಲಿಲ್ಲ. ನಮ್ಮಿಬ್ಬರ ಯೋಗ್ಯತೆಯ ಅಂತರವನ್ನು ಊರು ಇಷ್ಟರಿಂದಲೇ ನಿರ್ಧರಿಸಿತ್ತು. ಆದರೆ ನಾನು ಬರೆಯಹೊರಟಿರುವುದು ಅವರ ಬಗ್ಗೆ ಅಲ್ಲ, ಅವರ ತಂದೆಯ ಬಗ್ಗೆ. ಅವರನ್ನು ಬೀದಿಯೆಲ್ಲ ಯಜಮಾನರು ಎನ್ನುತ್ತಿತ್ತು. ಬೇರೆ ಹೆಸರು ಅವರಿಗೆ ಬೇಕಾಗಿಯೂ ಇರಲಿಲ್ಲ.

ಯಜಮಾನರು ಎತ್ತರದ ಆಳು. ಹತ್ತಿ ವ್ಯಾಪಾರ ಮಾಡಿ ಬಿಟ್ಟವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ರುಮಾಲು ಸುತ್ತಲು ಕೂತರೆ, ಬೇರೆಯವರು ಸ್ನಾನ ಮಾಡಿ, ತಿಂಡಿ ತಿಂದು, ಕಚೇರಿ ಸೇರುವಷ್ಟು ಹೊತ್ತು ಬೇಕು. ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಕೊಡೆ. ತಮಗೆ ಒಪ್ಪಿಗೆಯಿಲ್ಲದ ಯಾವ ಸಂಗತಿಯನ್ನೂ ಅವರು ಬೈಯುತ್ತಿರಲಿಲ್ಲ. "ಅದನ್ನೂ ಒಂದು ನೋಡಾಣ ಬಿಡ್ರಿ" ಎನ್ನುತ್ತಿದ್ದರು. ರೈಲು ಬಂದಾಗ ಹಾಗೆಂದರು, ಚಹಾ ಬಂದಾಗ ಹಾಗೆಂದರು, ನಾನು ಕನ್ನಡ ವ್ಯಾಕರಣದ ಬಗ್ಗೆ ಪುಸ್ತಕ ಬರೆಯುತ್ತೇನೆಂದು ಹೇಳಿದಾಗಲೂ ಹಾಗೇ ಅಂದರು. ರೈಲು ಮತ್ತು ಚಹಾ ನೆಲೆ ನಿಂತವು.

ನಾನು ಹೇಳುತ್ತಿರುವ ವರ್ಷ ಅವರಲ್ಲಿ ಒಂದು ಹೊಸ ವಿಚಿತ್ರ ಸೇರಿಕೊಂಡಿತ್ತು. ಯಾರ ಮನೆಗೆ ಹೋದರೂ ಊಟಕ್ಕೆ ಮಣೆಯ ಮೇಲೆ ಕೂರುತ್ತಿರಲಿಲ್ಲ. ಮಣೆಯನ್ನು ಪಕ್ಕಕ್ಕೆ ಸರಿಸಿ ಬರೀ ನೆಲದ ಮೇಲೆ ಕೂತು ಉಣ್ಣುವರು. ಯಾರಾದರೂ ಬಲವಂತ ಮಾಡಿದರೆ, ಹೊಟ್ಟೆ ಸರಿಯಿಲ್ಲ ಎಂದು ಎದ್ದೇ ಹೋಗುವರು. ಮೊಣಕಾಲು ನೋವಿರಬೇಕೆಂದು ನಾನು ಊಹಿಸಿ, ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಮೊಣಕಾಲು ನೋವಿರುವವನಿಗೆ ನೆಲಕ್ಕಿಂತ ಮಣೆಯೇ ಸುಖ ಎನ್ನುವುದು ನನಗೆ ಹೊಳೆಯಲಿಲ್ಲ, ಆ ನಾಲ್ಕು ಜನರಿಗೂ ಹೊಳೆಯಲಿಲ್ಲ.

ಅದಕ್ಕಿಂತ ದೊಡ್ಡ ವಿಚಿತ್ರ ಇನ್ನೊಂದಿತ್ತು. ತಂದೆ ಮಗ ಮಾತು ಬಿಟ್ಟಿದ್ದರು. ಹಿಂದಿನ ಚಳಿಗಾಲದಲ್ಲಿ ಮೇಷ್ಟ್ರು, ಅಂದರೆ ನನ್ನ ಸ್ನೇಹಿತರು, ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಅವರ ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಒಂದೇ ಮನೆಯಲ್ಲಿದ್ದೂ ಅಪ್ಪನಿಗೆ ಮಗ, ಮಗನಿಗೆ ಅಪ್ಪ ಒಂದು ಮಾತೂ ಆಡಿರಲಿಲ್ಲ. ದುಃಖ ಹೀಗೂ ಇರುತ್ತದೆಂದು ಊರು ತಿಳಿದಿತ್ತು, ನಾನೂ ಹಾಗೇ ತಿಳಿದಿದ್ದೆ. ಸಂಜೆ ನಾನು ಅಲ್ಲಿಗೆ ಹೋದರೆ ಇಬ್ಬರಿಗೂ ಜೀವ ಬರುತ್ತಿತ್ತು. "ನಾಳೆ ಕೌದಿ ಒಗೆಸಬೇಕು ಅಂತ ಹೇಳ್ರಿ ಅವ್ನಿಗೆ" ಎಂದು ಯಜಮಾನರು ಹೇಳುವರು. ಎರಡು ಮಾರು ದೂರದಲ್ಲಿ ಕೂತ ಮಗ, ಆಗಲಿ ಎಂದು ಹೇಳುವಂತೆ ನನಗೆ ಹೇಳುವರು. ನಾನು ಒಂದಕ್ಷರ ಬಿಡದೆ ಅತ್ತಿಂದಿತ್ತ ದಾಟಿಸುತ್ತಿದ್ದೆ. ನನ್ನ ಇಡೀ ಉದ್ಯೋಗದಲ್ಲಿ ಅಷ್ಟು ನಿಷ್ಠೆಯಿಂದ ಮಾಡಿದ ಕೆಲಸ ಮತ್ತೊಂದಿಲ್ಲ.

ಆ ವರ್ಷಗಳಲ್ಲಿ ಚಳಿ ಬಿದ್ದರೆ ಊರಿನಲ್ಲಿ ಇಲಿ ಸತ್ತು ಬೀಳುತ್ತಿತ್ತು; ಪ್ಲೇಗ್ ಬಂತೆಂದು ಅರ್ಥ. ಇಲಿ ಬಿದ್ದರೆ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಕಂಕುಳಲ್ಲಿ ಗೆಡ್ಡೆ ಎದ್ದವರನ್ನು ಊರಾಚೆಯ ಸರ್ಕಾರಿ ಪ್ಲೇಗ್ ಶೆಡ್ಡಿಗೆ ಸಾಗಿಸಬೇಕು. ಜನಕ್ಕೆ ಕಾಯಿಲೆಗಿಂತ ಶೆಡ್ಡಿನ ಭಯವೇ ಹೆಚ್ಚು. ಅಲ್ಲಿ ಔಷಧಿಯೇನೋ ಇತ್ತು, ಹಾಸಲು ಹೊದೆಯಲು ಇರಲಿಲ್ಲ. ಜ್ವರದವರು ಮಾರ್ಗಶಿರದ ಚಳಿಯಲ್ಲಿ ಬರೀ ನೆಲದ ಮೇಲೆ ಮಲಗಬೇಕು. ಹಾಗಾಗಿ ರೋಗಿಗಳನ್ನು ಬಚ್ಚಿಡುವುದೇ ವಾಡಿಕೆ. ಮೇಷ್ಟ್ರು ಒಂದು ಸಂಕಲ್ಪ ಮಾಡಿದರು. ಚಳಿಗೆ ಮುಂಚೆ ನೂರು ಕಂಬಳಿ ದಾನ ಎತ್ತಿ ಶೆಡ್ಡಿಗೆ ಕೊಡಬೇಕು. ಅದಕ್ಕಾಗಿ ದಸರಾ ರಜೆಯಲ್ಲಿ ಸೈಕಲ್ ಮೇಲೆ ಇಡೀ ಮೈಸೂರು ದೇಶ ಸುತ್ತಬೇಕು. ಹಾಸಿಗೆ ಇದೆ ಎಂದಾದರೆ ಜನ ಬಚ್ಚಿಡುವುದನ್ನು ಬಿಟ್ಟಾರು ಎನ್ನುವುದು ಅವರ ಆಸೆ. ಸೈಕಲ್ ಮೇಲೆ ನೂರು ಕಂಬಳಿ ಹೇರಲು ಆಗುವುದಿಲ್ಲ ಎನ್ನುವುದನ್ನು ನಾನು ತೋರಿಸಿಕೊಟ್ಟೆ. ಹಾಗಾಗಿ ಗಾಡಿಯ ಜೊತೆ ಬರುವ ಶಿಕ್ಷೆ ನನಗೇ ಆಯಿತು.

ಪ್ರಕಟಣೆ ಬರೆದವನೂ ನಾನೇ. ಮೈಸೂರು ದೇಶದ ಉತ್ತರದ ಗಡಿಯಿಂದ ದಕ್ಷಿಣದ ಗಡಿಯವರೆಗೆ ದ್ವಿಚಕ್ರ ಪರ್ಯಟನೆ ಎಂದು ಅದರಲ್ಲಿತ್ತು. ಅದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ನೋಡಾಣ ಬಿಡ್ರಿ ಎನ್ನಲಿಲ್ಲ.

"ನಾನೂ ಬರ್ತೀನಿ ಅಂತ ಹೇಳ್ರಿ ಅವ್ನಿಗೆ."

ಮಗ ಬೆಚ್ಚಿಬಿದ್ದು, ಗಾಡಿಯಲ್ಲಿ ಕೂರಲಿ ಎಂದು ನನ್ನ ಮೂಲಕ ಹೇಳಿಸಿದರು. ಗಾಡಿಯಲ್ಲಲ್ಲ, ಅವನ ಹಿಂದೆ ಎಂದು ಉತ್ತರ ಬಂತು. ಬೇಡ ಎನ್ನಬೇಕಾದರೆ ಮಗ ಅಪ್ಪನ ಮುಖ ನೋಡಿ ಜಗಳವಾಡಬೇಕಿತ್ತು. ಅದಕ್ಕೆ ಮಾತು ಬೇಕಲ್ಲ. ಹಾಗಾಗಿ ಒಪ್ಪಿಗೆ ತಾನಾಗಿಯೇ ಆಗಿಹೋಯಿತು.

ಸೈಕಲ್ಲಿನ ಹಿಂದೆ ಕಬ್ಬಿಣದ ಸಣ್ಣ ಕ್ಯಾರಿಯರ್ ಇತ್ತು. ಪರೀಕ್ಷೆಗೆಂದು ಊರ ಹೊರಗಿನ ಕೆರೆ ಏರಿಯವರೆಗೆ ಹೋಗಿ ಬಂದರು. ಯಜಮಾನರು ಬಂದವರೇ ಕಮ್ಮಾರನನ್ನು ಕರೆಸಿ, ಒಳಗಿನಿಂದ ತಮ್ಮ ಊಟದ ಮಣೆಯನ್ನು ತಂದು, ಮೂಲೆಗೊಂದು ತೂತು ಕೊರೆಸಿ, ಬೋಲ್ಟು ಹಾಕಿ ಕ್ಯಾರಿಯರ್ ಮೇಲೆ ಬಿಗಿಸಿದರು. ಬೇರೆ ಹಲಗೆ ಕೊಡುತ್ತೇನೆಂದು ಕಮ್ಮಾರ ಅಂದರೆ ಕೇಳಲಿಲ್ಲ. ಊಟಕ್ಕೆ ಬೇಡವಾದ ಮಣೆ ಸವಾರಿಗೆ ಬೇಕಾಯಿತೇ ಎಂದು ನಾನು ನಕ್ಕೆ. ಮಗ ಆ ಮಣೆಯನ್ನು ಕಂಡು ಮುಖ ತಿರುಗಿಸಿ ಒಳಗೆ ಹೋದರು. ಅದನ್ನೂ ನಾನು ನೋಡಿದೆ, ಅದಕ್ಕೂ ನಕ್ಕೆ.

ಹೀಗೆ ದೇಶ ಪರ್ಯಟನೆ ಹೊರಟಿತು. ಮುಂದೆ ಬೆವರು ಸುರಿಸುತ್ತ ಮಗ, ಹಿಂದೆ ಮಣೆಯ ಮೇಲೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಕೊಡೆ ಬಿಚ್ಚಿ ಕೂತ ಅಪ್ಪ. ಇಳಿಜಾರು ಬಂದಾಗ ಯಜಮಾನರು ಒಂದು ಕೈಯಲ್ಲಿ ಅಂಗಿಯ ಮೇಲಿನಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಳ್ಳುವರು, ಇನ್ನೊಂದರಲ್ಲಿ ಮಣೆಯ ಅಂಚು ಹಿಡಿಯುವರು. ಮಗನ ಸೊಂಟ ಗೇಣು ದೂರದಲ್ಲಿತ್ತು. ಅದನ್ನು ಮಾತ್ರ ಹಿಡಿಯುತ್ತಿರಲಿಲ್ಲ. ಎರಡು ಸಲ ಬಿದ್ದರು. ಬಿದ್ದಾಗ ನನ್ನ ಗಾಡಿ ಬರುವವರೆಗೆ ಕಾದು, "ಸ್ವಲ್ಪ ನಿಧಾನ ತುಳಿ ಅಂತ ಹೇಳ್ರಿ" ಎಂದು ಹೇಳಿ ಕಳಿಸುವರು.

ಕಾಯುವುದಕ್ಕೇನೂ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಜಾಲಿ ಮುಳ್ಳು ಹರಿದಾರಿಗೊಂದು ಸಲ ಚಕ್ರಕ್ಕೆ ನೆಡುತ್ತಿತ್ತು. ಐಮಂಗಲಕ್ಕೆ ಮೊದಲು ತಲುಪಿದ್ದು ನಮ್ಮ ಎತ್ತುಗಳು. ಅವು ಹುಲ್ಲು ತಿಂದು ಮಲಗಿ ಎದ್ದ ಮೇಲೆ ದ್ವಿಚಕ್ರ ಪರ್ಯಟನೆಯು ಸೈಕಲ್ಲನ್ನು ತಳ್ಳಿಕೊಂಡು ಊರು ಪ್ರವೇಶ ಮಾಡಿತು. ಜನ ಸೇರಿದರು. ಮೇಷ್ಟ್ರು ಕಟ್ಟೆ ಹತ್ತಿ ನಾನು ಬರೆದುಕೊಟ್ಟ ಭಾಷಣ ಓದಿದರು. ಮಾನವ ಜನ್ಮದ ಸಾರ್ಥಕ್ಯವು ಪರೋಪಕಾರದಲ್ಲಿ ಅಡಕವಾಗಿದೆ ಎಂದು ಅದು ಶುರುವಾಗುತ್ತಿತ್ತು. ಮುಗಿಯುವ ಹೊತ್ತಿಗೆ ಉಪನಿಷತ್ತು ಮುಟ್ಟುತ್ತಿತ್ತು. ಜನ ಪೂರ್ತಿ ಕೇಳಿದರು. ಕೊನೆಗೆ ಒಬ್ಬರು ಎದ್ದು ನಿಂತು, ಸೈಕಲ್ಲಿನ ಗಂಟೆಯನ್ನು ಇನ್ನೊಂದು ಸಲ ಬಾರಿಸಬಹುದೇ ಎಂದು ವಿನಯದಿಂದ ಕೇಳಿದರು. ಕಂಬಳಿ ಒಂದೂ ಬರಲಿಲ್ಲ.

ಹಿರಿಯೂರಿನಲ್ಲೂ ಹಾಗೇ ಆಯಿತು. ಪ್ಲೇಗಿನ ಶೆಡ್ಡಿಗೆ ಎಂದ ಕೂಡಲೇ ಮುಖಗಳು ಮುಚ್ಚಿಕೊಳ್ಳುತ್ತಿದ್ದವು. ಶೆಡ್ಡಿಗೆ ಕಂಬಳಿ ಕೊಟ್ಟರೆ ಜನರನ್ನು ಹಿಡಿದೊಯ್ಯುವವರ ಕೈ ಬಲಪಡಿಸಿದಂತೆ ಎಂದು ಅವರ ತರ್ಕ. ಭಾಷಣಕ್ಕೆ ಇನ್ನೆರಡು ಶ್ಲೋಕ ಸೇರಿಸಿದರೆ ಹೇಗೆ ಎಂದು ನಾನು ಯೋಚಿಸುತ್ತಿದ್ದೆ.

ಆದಿವಾಲದಲ್ಲಿ ಯಜಮಾನರು ಕೆಲಸ ಕೈಗೆ ತಗೊಂಡರು. ಮಗ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಅವರು ನೆಟ್ಟಗೆ ಕಂಬಳಿ ನೇಯುವವರ ಅಂಗಳಕ್ಕೆ ನಡೆದರು. ನೇಯ್ದಿಟ್ಟ ಕಂಬಳಿಯೊಂದನ್ನು ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ಚೊಂಬು ನೀರು ಹುಯ್ಯಲು ಹೇಳಿದರು. ಒಳ್ಳೆಯ ಕಂಬಳಿ ನೀರು ಸೋರುವುದಿಲ್ಲ. ಅವರು ಬಗ್ಗಿ ಕೆಳಗಿನಿಂದ ನೋಡಿ, ಬೆರಳಾಡಿಸಿ, ಈ ಉಣ್ಣೆ ಯಾವ ಕಡೆಯ ಕುರಿಯದು, ಎಷ್ಟನೇ ಸಲ ಕತ್ತರಿಸಿದ್ದು ಎಂದು ಹೇಳಿದರು. ನೇಯುವವರು ಬೆರಗಾದರು. ಆಮೇಲೆ ಕುರಿಗಳ ಮಾತು, ಮಾರಿಕಣಿವೆ ಅಣೆಕಟ್ಟಿನ ನೀರಿನ ಮಾತು, ಮಗನ ಜೊತೆ ದೇಶ ಸುತ್ತುತ್ತಿರುವ ಮಾತು. ಮಗನೊಂದಿಗೆ ಮನೆಗೆ ಬಂದ ಹಿರಿಯರಿಗೆ ಹೊಸ ಕಂಬಳಿ ಹಾಸಿ ಕೂರಿಸುವುದು, ಏಳುವಾಗ ಅದನ್ನೇ ಮಡಿಸಿ ಹೆಗಲಿಗೆ ಹಾಕಿ ಕಳಿಸುವುದು ಆ ಮನೆಗಳ ಪದ್ಧತಿ. ಯಜಮಾನರು ಆ ದಿನ ಒಂಬತ್ತು ಮನೆಗಳಲ್ಲಿ ಕೂತು ಎದ್ದರು.

ಗಾಡಿಗೆ ಕಂಬಳಿ ಬೀಳುವುದನ್ನು ನೋಡಿ ನಾನು ಹಿಗ್ಗಿದೆ. ಮೇಷ್ಟ್ರ ಮುಖ ಕಪ್ಪಿಟ್ಟಿತು. ಶೆಡ್ಡಿಗೆಂದು ಹೇಳದೆ ತಂದದ್ದು ಬೇಡ, ಸುಳ್ಳು ಹೇಳಿ ತಂದದ್ದು ದಾನವಲ್ಲ ಎಂದು ಹೇಳಿ ಎಂದರು. ನಾನು ಹೇಳಿದೆ. ಸುಳ್ಳು ಹೇಳಲಿಲ್ಲ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದು ಯಜಮಾನರು ಉತ್ತರ ಕೊಟ್ಟರು. ಮಗ ಚಕ್ರದ ಮುಳ್ಳು ಕೀಳುತ್ತಿದ್ದವರು ತಲೆ ಎತ್ತಿದರು.

"ಬಚ್ಚಿಡೋದು ಅವರಿಗೆ ಮೊದಲಿಂದ ಅಭ್ಯಾಸ ಅಂತ ಹೇಳಿ."

ಆ ಒಂದು ಮಾತನ್ನು ನಾನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ, ಯಜಮಾನರು ಮೂರು ಹೆಜ್ಜೆ ದೂರದಲ್ಲಿದ್ದರು. ಅವರು ಕೊಡೆ ಮಡಿಸಿ, ಕಂಬಳಿಗಳನ್ನು ಹೊತ್ತುಕೊಂಡು ಮತ್ತೆ ಆ ಒಂಬತ್ತು ಮನೆಗಳಿಗೆ ಹೋದರು. ಇವು ಶೆಡ್ಡಿಗೆ ಎಂದು ಹೇಳಿ, ಏಳು ಕಂಬಳಿ ವಾಪಸು ಕೊಟ್ಟು, ಆದರೂ ಇರಲಿ ಎಂದವರ ಎರಡನ್ನು ಉಳಿಸಿಕೊಂಡು ಬಂದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಹೊಸದುರ್ಗದ ಕಡೆ ಒಬ್ಬ ಹಿರಿಯರಿದ್ದರು. ಕಂಬಳಿ ವ್ಯಾಪಾರದವರು, ನಮ್ಮವರೇ. ಸುತ್ತಲ ನೇಯುವವರೆಲ್ಲ ಅವರ ಮಾತು ಕೇಳುವವರು. ಅವರು ಹೂಂ ಅಂದರೆ ನೂರು ಕಂಬಳಿ ಒಂದೇ ದಿನದಲ್ಲಿ ಬರುತ್ತದೆ, ಊಹೂಂ ಅಂದರೆ ಇಡೀ ಸೀಮೆಯಲ್ಲಿ ಒಂದೂ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಕೇಳಿದ್ದೆವು. ರಜೆ ಮುಗಿಯುತ್ತ ಬಂದಿತ್ತು. ಗಾಡಿಯಲ್ಲಿ ಎರಡೇ ಕಂಬಳಿ.

ಆ ಹಿರಿಯರು ಭಾಷಣ ಕೇಳಲಿಲ್ಲ. ಮೊದಲು ಊಟ, ಆಮೇಲೆ ಮಾತು ಎಂದರು. ಪಡಸಾಲೆಯಲ್ಲಿ ಸಾಲಾಗಿ ಮಣೆ ಹಾಕಿದರು. ನಾನು ಕೂತೆ, ಮೇಷ್ಟ್ರು ಕೂತರು. ಯಜಮಾನರು ಎಂದಿನಂತೆ ಮಣೆಯನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತರು. ಮನೆಯ ಹಿರಿಯರ ಕೈ ಅಲ್ಲೇ ನಿಂತಿತು. ಅವರ ಮನೆಯ ಮಣೆಯನ್ನು ತಳ್ಳಿ ಕೂತರೆ ಆ ಮನೆಯವರ ಯೋಗ್ಯತೆಯನ್ನು ತಳ್ಳಿದ ಹಾಗೆ. ಬಡಿಸುತ್ತಿದ್ದವರು ಪಾತ್ರೆ ಕೆಳಗಿಟ್ಟರು.

"ನಮ್ಮನೆ ಮಣೆ ಆಗಾಕಿಲ್ಲೇನ್ರಿ ಯಜಮಾನ್ರೇ? ಮಣೆ ಆಗದೋರಿಗೆ ಕಂಬಳಿ ಹೆಂಗಾಗ್ತೈತೆ?" ಎಂದರು ಮನೆಯ ಹಿರಿಯರು.

ಎಲ್ಲ ಮುಗಿಯಿತು ಎಂದುಕೊಂಡೆ. ಮೊಣಕಾಲು ನೋವಿನ ನನ್ನ ಸಿದ್ಧಾಂತವನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಯಜಮಾನರು ಕೈ ಎತ್ತಿ ನನ್ನನ್ನು ತಡೆದರು.

"ಹೋದ ವರ್ಷ ನನ್ನ ಸೊಸೆಗೆ ಗೆಡ್ಡೆ ಎದ್ದಿತ್ರಿ" ಎಂದರು. "ಶೆಡ್ಡಿಗೆ ಕಳಿಸಬಾರ್ದು ಅಂತ ಒಳಕೋಣ್ಯಾಗೆ ಮಲಗ್ಸಿದ್ದೆ. ಪ್ಲೇಗ್ ಸಾಹೇಬ್ರು ತಪಾಸಣೆಗೆ ಬಂದ್ರು. ನಾನು ಕೋಣೆ ಬಾಗ್ಲಿಗೆ ಅಡ್ಡ ಮಣೆ ಹಾಕ್ಕಂಡು, ಎಲೆ ಹಾಕ್ಸ್ಕಂಡು, ಉಣ್ಣಾಕೆ ಕುಂತೆ. ಉಣ್ಣೋ ಹಿರೇರನ್ನ ಎಬ್ಬಿಸಬಾರ್ದಲ್ಲ. ಅವ್ರೂ ಈ ಕಡೇರೇ, ಎಬ್ಬಿಸ್ಲಿಲ್ಲ. ಮನ್ಯಾಗೆ ಕಾಯ್ಲೆ ಐತೇನ್ರಿ ಅಂತ ಕೇಳಿದ್ರು. ಯಾರಿಗೂ ಏನೂ ಇಲ್ರಿ ಅಂದೆ. ಒಳಗೆ ಅವ್ಳು ನೀರು ಕೇಳ್ತಿದ್ಲು. ಅವ್ರಿಗೆ ಕೇಳ್ಸಬಾರ್ದು ಅಂತ ನಾನು ಸಾರು ಸೊರ್ ಸೊರ್ ಅಂತ ಜೋರಾಗಿ ಸುರೀತಿದ್ದೆ."

ಅವರು ಮುಂದುವರಿಸಿದರು, ಬೆಲೆ ಹೇಳುವ ವ್ಯಾಪಾರಿಯ ಅದೇ ಸಮಾಧಾನದಲ್ಲಿ.

"ಅವತ್ತೇ ಶೆಡ್ಡಿಗೆ ಹೋದ ಪಕ್ಕದ ಮನೆ ಹೆಣ್ಮಗ್ಳು ಉಳ್ಕಂಡು ಬಂದ್ಲು. ಈಗ್ಲೂ ದಿನಾ ನೀರಿಗೆ ನಮ್ಮ ಬಾಗ್ಲ ಮುಂದೇನೇ ಹೋಗ್ತಾಳೆ. ನನ್ನ ಸೊಸೆ ಮೂರು ದಿನಕ್ಕೆ ಹೋದ್ಲು. ಅವತ್ತಿಂದ ಮಣೆ ಮೇಲೆ ಕುಂತು ಉಣ್ಣಾಕೆ ಆಗಾಕಿಲ್ರಿ ನಂಗೆ. ಆ ಮಣೇನ ಹಿಂಗೆ ಊರೂರು ಹೊತ್ಕಂಡು ತಿರುಗ್ತೀನಿ. ನಿಮ್ಮ ಮಣೆದೇನೂ ತಪ್ಪಿಲ್ಲ."

ನಾನು ಎಲೆಯನ್ನೇ ನೋಡುತ್ತ ಕೂತೆ. ಕಮ್ಮಾರನ ಮುಂದೆ ನಾನು ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು. ಮೇಷ್ಟ್ರಿಗೆ ಇದೆಲ್ಲ ಗೊತ್ತಿತ್ತು. ಆದರೆ ಅಪ್ಪನ ಬಾಯಿಂದ ಅದನ್ನು ಕೇಳಿದ್ದು ಅದೇ ಮೊದಲು. ಅವರು ಎರಡು ಕೈಯಲ್ಲೂ ತಮ್ಮ ಮಣೆಯ ಅಂಚು ಹಿಡಿದುಕೊಂಡಿದ್ದರು. ಮನೆಯ ಹಿರಿಯರು ಎದ್ದು ಬಂದು, ತಮ್ಮ ಮಣೆಯನ್ನೂ ಪಕ್ಕಕ್ಕೆ ಸರಿಸಿ, ಯಜಮಾನರ ಪಕ್ಕ ನೆಲದ ಮೇಲೆ ಕೂತರು. ಬಡಿಸ್ರಿ ಎಂದರು. ಎಲ್ಲರೂ ಉಂಡೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಗಾಡಿಯಲ್ಲಿ ನನಗೆ ಕೂರಲು ಜಾಗವಿರಲಿಲ್ಲ. ನೂರು ದಾಟಿತ್ತು. ನಾನು ಗಾಡಿಯ ಹಿಂದೆ ನಡೆದೆ. ಹೊಸದುರ್ಗ ಬಿಡುವಾಗ ಸೈಕಲ್ ಹತ್ತಿದ ಮಗ ಒಂದು ಕಾಲು ನೆಲಕ್ಕೂರಿ ನಿಂತರು. ಯಜಮಾನರು ಮಣೆಯ ಮೇಲೆ ಕೂತು, ಹೊರಡು ಅಂತ ಹೇಳ್ರಿ ಎನ್ನಲು ನನ್ನ ಕಡೆ ತಿರುಗಿದರು. ನಾನು ಬೇಕೆಂದೇ ಎತ್ತಿನ ಕೊರಳ ಹಗ್ಗದಲ್ಲಿ ಏನೋ ಕೆಲಸ ಇದ್ದವನಂತೆ ಬಗ್ಗಿದೆ.

"ಇಳಿಜಾರೈತೆ" ಎಂದರು ಮೇಷ್ಟ್ರು, ಹಿಂದೆ ತಿರುಗದೆ. "ನನ್ನ ಹಿಡ್ಕಳಪ್ಪ."

ಶಾಲೆಯಲ್ಲಿ ಅಚ್ಚಿನ ಕನ್ನಡ ಮಾತಾಡುವ ಅವರ ಬಾಯಲ್ಲಿ ಮನೆಯ ಮಾತು ಬಂದದ್ದನ್ನು ನಾನು ಕೇಳಿದೆ. ಯಜಮಾನರು ಕೊಡೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮಗನ ಸೊಂಟ ಹಿಡಿದರು. ಹೊಳಲ್ಕೆರೆಯವರೆಗೆ ಬಿಡಲಿಲ್ಲ. ಮುಳ್ಳು ಚುಚ್ಚಿ ಸೈಕಲ್ ನಿಂತಾಗಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಮಾತು ದಾಟಿಸುವ ನನ್ನ ಉದ್ಯೋಗ ಅಲ್ಲಿಗೆ ಮುಗಿಯಿತು.

ರಜೆಯೂ ಹೊಳಲ್ಕೆರೆಯಲ್ಲಿ ಮುಗಿಯಿತು. ಮೈಸೂರು ದೇಶದ ದಕ್ಷಿಣದ ಗಡಿಯನ್ನು ನಾವು ಇವತ್ತಿಗೂ ನೋಡಿಲ್ಲ. ಉತ್ತರದ ಗಡಿಯನ್ನೂ ನೋಡಿರಲಿಲ್ಲ. ದುರ್ಗ ಉತ್ತರದಲ್ಲೇ ಇರುವುದರಿಂದ ಅಲ್ಲಿಂದ ಹೊರಟದ್ದೆಂದೇ ಭಾವಿಸಬೇಕೆಂದು ನಾನು ವರದಿಯಲ್ಲಿ ಬರೆದೆ. ನಾಲ್ಕು ತಾಲ್ಲೂಕಿನ ಈ ಪ್ರದಕ್ಷಿಣೆಗೆ ಊರಿನವರು ದೇಶ ಪರ್ಯಟನೆ ಎಂದೇ ಹೆಸರಿಟ್ಟು, ಸಿಕ್ಕಾಗಲೆಲ್ಲ ಮೈಸೂರು ಅರಮನೆ ಹೇಗಿದೆ ಎಂದು ಯಜಮಾನರನ್ನು ಕೇಳಿ ನಗುತ್ತಿದ್ದರು. ಅವರು, "ಅದನ್ನೂ ಒಂದು ನೋಡಾಣ ಬಿಡ್ರಿ" ಎನ್ನುತ್ತಿದ್ದರು. ಕಂಬಳಿಗಳು ಶೆಡ್ಡಿಗೆ ಹೋದವು. ಕಮ್ಮಾರ ಬೋಲ್ಟು ಬಿಚ್ಚಿದ, ಮಣೆ ಮನೆಯೊಳಗೆ ಹೋಯಿತು.

ಆ ಚಳಿಗೂ ಇಲಿ ಬಿದ್ದವು. ಒಂದು ಬೆಳಿಗ್ಗೆ ಮೇಷ್ಟ್ರು ನನಗೆ ಹೇಳಿಕಳಿಸಿದರು. ಹೋದಾಗ ಅವರು ಅಂಗಳದಲ್ಲಿ ಕೂತು ಮಣೆಯನ್ನು ಮತ್ತೆ ಕ್ಯಾರಿಯರಿಗೆ ಬಿಗಿಯುತ್ತಿದ್ದರು. ಯಜಮಾನರು ಜಗಲಿಯ ಮೇಲೆ ರುಮಾಲು ಸುತ್ತುತ್ತಿದ್ದರು; ಜ್ವರದಲ್ಲೂ ಎಂದಿನಷ್ಟೇ ಹೊತ್ತು ತಗೊಂಡರು. ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಡಾಕ್ಟರನ್ನು ಮನೆಗೇ ಕರೆಸೋಣ, ಯಾರಿಗೂ ತಿಳಿಯುವುದು ಬೇಡ ಎಂದು ನಾನೇ ಹೇಳಿದೆ. ಭಾಷಣ ಬರೆದುಕೊಟ್ಟ ನಾನು. ಯಜಮಾನರು ಮಗನ ಕಡೆ ತಿರುಗಿ, "ಹೋಗಾಣ ನಡಿ" ಎಂದರು.

ಮಗ ತುಳಿದರು, ಅಪ್ಪ ಸೊಂಟ ಹಿಡಿದು ಕೂತರು, ನಾನು ಪಕ್ಕದಲ್ಲಿ ನಡೆದೆ. ಬೀದಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಈ ಸಲ ಅರಮನೆಯ ಮಾತು ಯಾರೂ ಎತ್ತಲಿಲ್ಲ. ಶೆಡ್ಡಿನಿಂದ ಯಜಮಾನರು ತಿರುಗಿ ಬರಲಿಲ್ಲ. ಹೊಸದುರ್ಗದ ಕಂಬಳಿಯೊಂದರ ಮೇಲೆ, ಐದನೆಯ ದಿನ, ಮಗ ಪಕ್ಕದಲ್ಲಿದ್ದಾಗ ತೀರಿಕೊಂಡರು. ಆ ವಾರ ನಮ್ಮ ಬೀದಿಯ ಮೂರು ಮನೆಯವರು ಬಚ್ಚಿಟ್ಟಿದ್ದ ರೋಗಿಗಳನ್ನು ತಾವಾಗಿಯೇ ಶೆಡ್ಡಿಗೆ ಕರೆತಂದರು.

ನನ್ನ ಕಿವಿಯಲ್ಲಿ ಉಳಿದಿರುವುದು ಯಜಮಾನರು ಶೆಡ್ಡಿನ ಬಾಗಿಲಲ್ಲಿ ಆಡಿದ ಮಾತು. ಅಲ್ಲಿ ನಿಂತಿದ್ದವರು ಹಿಂದಿನ ವರ್ಷ ಮನೆಗೆ ತಪಾಸಣೆಗೆ ಬಂದಿದ್ದ ಅದೇ ಸಾಹೇಬರು. ಬಿಳಿ ರುಮಾಲು, ಕೊಡೆ, ನೆಟ್ಟಗಿನ ಬೆನ್ನು ನೋಡಿ, ಯಾರನ್ನೋ ಬಿಡಲು ಬಂದ ಹಿರಿಯರೆಂದು ತಿಳಿದು, ಯಾರಿಗ್ರಿ ಕಾಯಿಲೆ, ರೋಗಿ ಎಲ್ಲಿ ಎಂದು ಕೇಳಿದರು. ಯಜಮಾನರು ಮಗನ ಭುಜ ಹಿಡಿದು ಮಣೆಯಿಂದ ಕೆಳಗಿಳಿದು ನಿಂತರು.

"ಐತ್ರಿ ಸಾಹೇಬ್ರೇ" ಎಂದರು. "ನಮ್ಮನ್ಯಾಗೆ ಕಾಯ್ಲೆ ಐತೆ. ಹೋದ ವರ್ಷಾನೂ ಇತ್ತು."